ಚಿಕಿತ್ಸೆ ಉಚಿತ, ದಾರಿಯ ಬಾಡಿಗೆ ಯಾರ ಪಾಲು?

(ಜುಮಾ ಖುತ್ಬಾದ ಸಾರಾಂಶ)



ಸರ್ವ ಸ್ತುತಿಗಳೂ ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್ ಮುಸ್ತಫಾರ(ಸ) ಮೇಲೂ ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ. ಅಲ್ಲಾಹನನ್ನು ಭಯಪಟ್ಟು ಬದುಕಿರೆಂದು ಮೊದಲು ನಮಗೆ ನಾವೇ, ಅನಂತರ ನಿಮಗೆ ಉಪದೇಶಿಸುತ್ತೇವೆ.

ಇಂದು ನಾವು ಮಾತನಾಡಲಿರುವುದು ಒಂದು ಸಣ್ಣ ಖರ್ಚಿನ ಬಗ್ಗೆ. ಆಸ್ಪತ್ರೆಯ ಬಿಲ್ಲಿನಲ್ಲಿ ಅದು ಬರುವುದಿಲ್ಲ. ಸರಕಾರದ ಕಾರ್ಡು ತೋರಿಸಿದರೆ ಅದು ಮಾಫಿಯಾಗುವುದಿಲ್ಲ. ಅದಕ್ಕಾಗಿ ಯಾರೂ ಮಸೀದಿಯ ಬಾಗಿಲಲ್ಲಿ ನಿಂತು ಸಂಗ್ರಹ ಮಾಡುವುದೂ ಇಲ್ಲ. ನಡೆಯಲಾಗದ ರೋಗಿಯೊಬ್ಬರು ಮನೆಯಿಂದ ಆಸ್ಪತ್ರೆಗೆ ಹೋಗಿ ಮರಳಿ ಬರುವ ವಾಹನದ ಬಾಡಿಗೆ ಅದು.

ಕಳೆದ ತಿಂಗಳು ಅಸರ್ ನಮಾಝ್ ಮುಗಿಸಿ ಕಮಿಟಿಯ ನಾಲ್ಕು ಮಂದಿ ನಮ್ಮದೇ ಮೊಹಲ್ಲಾದ ಒಬ್ಬರ ಮನೆಗೆ ಹೋಗಿದ್ದೆವು. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇವೆ. ‘ಹೆಸರು ಬೇಡ ಉಸ್ತಾದ್, ವಿಷಯ ಹೇಳಿ. ಇನ್ನೊಬ್ಬರಿಗೆ ಉಪಕಾರ ಆದೀತು’ ಎಂದಿದ್ದಾರೆ. ಸಕ್ಕರೆ ಕಾಯಿಲೆಯಿಂದಾಗಿ ಎರಡು ವರ್ಷದ ಹಿಂದೆ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅದೇ ಕಾಯಿಲೆ ಆಮೇಲೆ ಕಿಡ್ನಿಯನ್ನೂ ಹಿಡಿಯಿತು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾವು ಹೋದ ದಿನ ಅವರ ಮುಖ ಊದಿಕೊಂಡಿತ್ತು. ಎರಡು ಮಾತು ಆಡಿದರೆ ಏದುಸಿರು. ಮಲಗಲು ಆಗದೆ ಗೋಡೆಗೆ ಒರಗಿ ಕುಳಿತಿದ್ದರು. ಕೇಳಿದಾಗ, ಆ ವಾರ ಎರಡು ಸಲ ಡಯಾಲಿಸಿಸ್‌ಗೆ ಹೋಗಲಿಲ್ಲ, ಜ್ವರ ಇತ್ತು ಎಂದರು. ಒಳಗಿನ ಬಾಗಿಲ ಮರೆಯಿಂದ ಅವರ ಪತ್ನಿ ಹೇಳಿದರು: ‘ಜ್ವರ ಏನೂ ಇರಲಿಲ್ಲ. ರಿಕ್ಷಾದವರಿಗೆ ಹಿಂದಿನ ಬಾಕಿಯೇ ಎರಡು ಸಾವಿರ ಇದೆ. ಮತ್ತೆ ಅವರನ್ನು ಕರೆಯಲು ಇವರಿಗೆ ಮುಖ ಇಲ್ಲ.’

ಅಂದು ರಾತ್ರಿಯೇ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್‌ಹಮ್ದುಲಿಲ್ಲಾಹ್, ಈಗ ಸುಧಾರಿಸಿದ್ದಾರೆ. ಆದರೆ ಆಸ್ಪತ್ರೆಯಿಂದ ಮರಳುವಾಗ ನಮ್ಮ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ. ಅವರ ಕಾಲು ತೆಗೆದಾಗ ಇದೇ ಮಸೀದಿಯ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತವರು ನಾವು. ಒಂದೇ ಜುಮಾದಲ್ಲಿ ಆಪರೇಷನ್ನಿನ ಖರ್ಚು ಒಟ್ಟಾಗಿತ್ತು. ನೀವು ಮನಸ್ಸು ಬಿಚ್ಚಿ ಕೊಟ್ಟಿದ್ದಿರಿ. ಅದನ್ನು ಅವರ ಕೈಗೆ ಕೊಟ್ಟು, ನಮ್ಮ ಜವಾಬ್ದಾರಿ ಮುಗಿಯಿತೆಂದು ಭಾವಿಸಿ ಮನೆಗೆ ಹೋದೆವು. ಡಯಾಲಿಸಿಸ್ ಶುರುವಾಯಿತು ಎಂದು ಕೇಳಿದಾಗಲೂ ‘ಅದು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಲ್ಲವೇ’ ಎಂದುಕೊಂಡೆವು. ಅಲ್ಲಿಗೆ ಅವರು ಹೇಗೆ ಹೋಗುತ್ತಾರೆ ಎಂದು ಕೇಳಲಿಲ್ಲ.

ಉಚಿತವೆಂಬುದು ನಿಜ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾಯಿತು. ಅದರಡಿ ಬಡವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಹಣ ತೆಗೆದುಕೊಳ್ಳದೆ ಡಯಾಲಿಸಿಸ್ ಮಾಡುತ್ತಾರೆ. ಇದು ದೊಡ್ಡ ಅನುಗ್ರಹ, ಇದಕ್ಕಾಗಿ ಕೃತಜ್ಞರಾಗಿರಬೇಕು. ಆದರೆ ಯಂತ್ರ ಇರುವುದು ಪೇಟೆಯ ಆಸ್ಪತ್ರೆಯಲ್ಲಿ, ರೋಗಿ ಇರುವುದು ಗುಡ್ಡದ ಬದಿಯ ಮನೆಯಲ್ಲಿ. ಹದಿನೈದು ಕಿಲೋಮೀಟರ್ ದೂರಕ್ಕೆ ಹೋಗಿ, ಕಾದು, ಬರಲು ರಿಕ್ಷಾಕ್ಕೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಇದು ಯಾರಿಗೂ ದೊಡ್ಡದಲ್ಲ. ವಾರಕ್ಕೆ ಮೂರು ಸಲ ಎಂದರೆ 1,800. ತಿಂಗಳಿಗೆ ಸುಮಾರು 7,800. ವರ್ಷಕ್ಕೆ 93,600. ದುಡಿಮೆ ನಿಂತ ಮನೆಗೆ ಇದು ಆಪರೇಷನ್ನಿನ ಬಿಲ್ಲಿಗಿಂತ ಭಾರ, ಏಕೆಂದರೆ ಆಪರೇಷನ್ ಒಂದು ಸಲ ಮುಗಿಯುತ್ತದೆ, ಇದು ಮುಗಿಯುವುದಿಲ್ಲ.

ಬಾಡಿಗೆ ಅಲ್ಲದೆ ಜೊತೆಗೆ ಹೋಗುವವರ ನಷ್ಟವೂ ಇದೆ. ಯಂತ್ರದ ಮುಂದೆ ನಾಲ್ಕು ತಾಸು. ಹೋಗುವುದು, ಸರದಿಗೆ ಕಾಯುವುದು, ಬರುವುದು ಸೇರಿದರೆ ಒಂದು ದಿನವೇ ಹೋಯಿತು. ತಿಂಗಳಿಗೆ ಹದಿಮೂರು ದಿನ. ಪತ್ನಿ ಬೀಡಿ ಕಟ್ಟುವವರಾದರೆ ಅಷ್ಟು ದಿನದ ಬೀಡಿ ಇಲ್ಲ. ಮಗ ಕೂಲಿಗೆ ಹೋಗುವವನಾದರೆ ಅಷ್ಟು ದಿನದ ಕೂಲಿ ಇಲ್ಲ. ಪಿಯುಸಿಗೆ ಹೋಗುವವನಾದರೆ ಹಾಜರಿ ಇಲ್ಲ.

‘ಬಸ್ಸಿನಲ್ಲಿ ಹೋಗಬಹುದಲ್ಲ’ ಎಂದು ಕೆಲವರು ಕೇಳುತ್ತಾರೆ. ಕೇಳುವವರು ಒಂದು ದಿನ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ನೋಡಬೇಕು. ಡಯಾಲಿಸಿಸ್ ಮುಗಿಸಿ ಬರುವವರಲ್ಲಿ ಹಲವರಿಗೆ ಬಿಪಿ ಇಳಿದಿರುತ್ತದೆ, ತಲೆ ಸುತ್ತುತ್ತದೆ, ಕಾಲಿನ ಮಾಂಸಖಂಡ ಹಿಡಿದುಕೊಳ್ಳುತ್ತದೆ. ಇರುವುದೇ ಒಂದು ಕಾಲು. ನಮ್ಮ ಕಡೆಯ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವಿರುತ್ತದೆಂದು ನಿಮಗೆ ಗೊತ್ತು. ಊರುಗೋಲು ಹಿಡಿದವರು ಒಂದು ಮೆಟ್ಟಿಲು ಏರುವ ಮೊದಲೇ ಕಂಡಕ್ಟರ್ ‘ರೈಟ್’ ಹೇಳಿಯಾಗಿರುತ್ತದೆ.

ಸರದಿ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ಕಿಡ್ನಿ ಹೊರಹಾಕಬೇಕಾದ ನೀರು ದೇಹದಲ್ಲೇ ಉಳಿದು ಶ್ವಾಸಕೋಶಕ್ಕೆ ಸೇರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ನಿಲ್ಲುವ ಅಪಾಯವಿದೆ. ಅವರಿಗೆ ಆ ರಿಕ್ಷಾ ಔಷಧಿಯಷ್ಟೇ ಅಗತ್ಯ.

ಸಹೋದರರೇ, ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಸಈದ್ ಅಲ್‌ಖುದ್‌ರಿ(ರ) ವರದಿ ಮಾಡಿದ ಒಂದು ಪ್ರಸಂಗವಿದೆ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರ(ಸ) ಜೊತೆ ಸಹಾಬಿಗಳಿದ್ದರು. ಒಬ್ಬ ವ್ಯಕ್ತಿ ತನ್ನ ಸವಾರಿ ಪ್ರಾಣಿಯ ಮೇಲೆ ಬಂದು ಎಡಕ್ಕೂ ಬಲಕ್ಕೂ ಕಣ್ಣು ಹಾಯಿಸತೊಡಗಿದರು. ಅವರು ಏನನ್ನೂ ಕೇಳಲಿಲ್ಲ, ನೋಡಿದರು ಅಷ್ಟೆ. ಆಗ ಪ್ರವಾದಿವರ್ಯರು(ಸ), ಯಾರಲ್ಲಿ ಹೆಚ್ಚಿನ ಸವಾರಿ ಇದೆಯೋ ಅವರು ಸವಾರಿ ಇಲ್ಲದವರಿಗೆ ಕೊಡಲಿ, ಯಾರಲ್ಲಿ ಹೆಚ್ಚಿನ ಆಹಾರ ಇದೆಯೋ ಅವರು ಇಲ್ಲದವರಿಗೆ ಕೊಡಲಿ ಎಂದರು. ಹೀಗೆ ಒಂದೊಂದೇ ಬಗೆಯ ಸೊತ್ತನ್ನು ಹೇಳುತ್ತಾ ಹೋದರು. ತಮ್ಮ ಅಗತ್ಯ ಮೀರಿದ ಯಾವುದರ ಮೇಲೂ ತಮಗೆ ಹಕ್ಕಿಲ್ಲವೇನೋ ಎಂದು ಸಹಾಬಿಗಳಿಗೆ ಅನಿಸುವಷ್ಟು ಹೇಳಿದರು. ಎಲ್ಲಕ್ಕಿಂತ ಮೊದಲು ಹೇಳಿದ್ದು ಸವಾರಿಯನ್ನು ಎಂಬುದನ್ನು ಗಮನಿಸಿ. ಕೇಳಲು ನಾಚಿಕೊಂಡವರ ನೋಟವನ್ನೇ ಅವರು ಅರ್ಥ ಮಾಡಿಕೊಂಡಿದ್ದನ್ನೂ ಗಮನಿಸಿ. ಬೆಳಿಗ್ಗೆ ಏಳು ಗಂಟೆಗೆ ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಗಂಡನನ್ನು ಕೂರಿಸಿ ಎಡಕ್ಕೂ ಬಲಕ್ಕೂ ನೋಡುತ್ತಾ ನಿಂತ ಮಹಿಳೆಯನ್ನು ನಮ್ಮಲ್ಲಿ ಎಷ್ಟು ಮಂದಿ ಕಾರಿನ ಗಾಜಿನೊಳಗಿಂದ ಕಂಡಿದ್ದೇವೆ!

ಹಿಜರಿ 9ರ ತಬೂಕ್ ಯಾತ್ರೆಯ ಸಂದರ್ಭವನ್ನೂ ನೆನಪಿಸಿಕೊಳ್ಳಿ. ಬೇಸಗೆಯ ಕಡು ಬಿಸಿಲು, ದೂರದ ದಾರಿ. ಬಡ ಸಹಾಬಿಗಳು ಕೆಲವರು ತಮಗೂ ಸವಾರಿ ಕೊಡಿ ಎಂದು ಬಂದರು. ಕೊಡಲು ತನ್ನ ಬಳಿ ಸವಾರಿ ಇಲ್ಲ ಎಂದು ಪ್ರವಾದಿವರ್ಯರು(ಸ) ಹೇಳಬೇಕಾಯಿತು. ಅವರು ಕಣ್ಣೀರು ಸುರಿಸುತ್ತಾ ಮರಳಿದರು. ಸೂರಃ ಅತ್ತೌಬಾದ 92ನೇ ಸೂಕ್ತದಲ್ಲಿ ಅವರ ಆ ಕಣ್ಣೀರಿನ ಪ್ರಸ್ತಾಪವಿದೆ. ಅದು ಜಿಹಾದಿನ ಪ್ರಯಾಣವಾಗಿತ್ತು, ಇದು ಆಸ್ಪತ್ರೆಯ ಪ್ರಯಾಣ, ಎರಡನ್ನೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಹೋಗಬೇಕಾದ ಕಡೆಗೆ ಹೋಗಲು ವಾಹನವಿಲ್ಲದವನ ಸಂಕಟ ಅಲ್ಲಾಹನ ಗ್ರಂಥದಲ್ಲಿ ದಾಖಲಾಗುವಷ್ಟು ದೊಡ್ಡದು ಎಂಬುದನ್ನು ಅರಿಯಬೇಕು. ಅಂದು ಅವರ ಬಳಿ ನಿಜಕ್ಕೂ ಸವಾರಿ ಇರಲಿಲ್ಲ. ಇಂದು ಈ ಮಸೀದಿಯ ಅಂಗಳದಲ್ಲಿ ನಿಂತಿರುವ ಕಾರುಗಳನ್ನು ನಾವು ಬರುವಾಗ ಎಣಿಸಿದೆವು. ಸಂಖ್ಯೆ ಹೇಳುವುದಿಲ್ಲ, ಹೊರಗೆ ಹೋಗುವಾಗ ನೀವೇ ನೋಡಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇದು ಯಾರ ಪಾಲಿನ ಹೊಣೆ? ಕಮಿಟಿಯದ್ದೇ? ಸರಕಾರದ್ದೇ? ಇಸ್ಲಾಮ್ ಮೊದಲು ಬೆರಳು ತೋರಿಸುವುದು ಕುಟುಂಬದ ಕಡೆಗೆ. ಸೂರಃ ಅಲ್ ಇಸ್ರಾದ 26ನೇ ಸೂಕ್ತ ಸಂಬಂಧಿಕರಿಗೆ ಕೊಡುವುದನ್ನು ಅವರ ಹಕ್ಕು ಎಂದು ಕರೆಯುತ್ತದೆ. ಹಕ್ಕು ಎಂದ ಮೇಲೆ ಅದು ನಮ್ಮ ಔದಾರ್ಯವಲ್ಲ, ಕೊಡದಿದ್ದರೆ ಬಾಕಿ ಉಳಿಸಿಕೊಂಡ ಹಾಗೆ. ಸಲ್ಮಾನ್ ಬಿನ್ ಆಮಿರ್(ರ) ವರದಿ ಮಾಡಿದ ಹದೀಸ್‌ನಲ್ಲಿ, ಬಡವನಿಗೆ ಕೊಟ್ಟರೆ ಒಂದು ದಾನ, ಬಡ ಸಂಬಂಧಿಗೆ ಕೊಟ್ಟರೆ ದಾನದ ಜೊತೆಗೆ ಸಂಬಂಧ ಜೋಡಿಸಿದ ಪ್ರತಿಫಲವೂ ಇದೆ ಎಂಬ ಅರ್ಥದ ಮಾತಿದೆ. ತಿರ್ಮಿದಿ, ನಸಾಈ, ಇಬ್ನುಮಾಜ ಇದನ್ನು ಉಲ್ಲೇಖಿಸಿದ್ದಾರೆ.

ನಮ್ಮ ಕರಾವಳಿಯಲ್ಲಿ ಶಾಫಿಈ ಮಝ್‌ಹಬ್‌ನವರು ಹೆಚ್ಚು, ಹನಫಿಗಳೂ ಇದ್ದಾರೆ. ಶಾಫಿಈ ಮಝ್‌ಹಬ್ ಪ್ರಕಾರ ತಂದೆ, ತಾಯಿ, ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಈ ಸಾಲಿನವರು ಬಡವರಾಗಿದ್ದು ನಮ್ಮಲ್ಲಿ ಶಕ್ತಿಯಿದ್ದರೆ ಅವರ ಜೀವನವೆಚ್ಚ ಕಡ್ಡಾಯ. ಹನಫಿ ಮಝ್‌ಹಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಡವನಾಗಿದ್ದು ಅಂಗವೈಕಲ್ಯದಿಂದ ಅಥವಾ ಕುರುಡುತನದಿಂದ ದುಡಿಯಲಾಗದ ಸಹೋದರನಂತಹ ರಕ್ತಸಂಬಂಧಿಯ ಖರ್ಚೂ ಅನುಕೂಲಸ್ಥ ಸಂಬಂಧಿಕರ ಮೇಲೆ ಕಡ್ಡಾಯ, ಅದನ್ನು ವಾರಸಿನ ಪಾಲಿನ ಪ್ರಮಾಣದಲ್ಲಿ ಹಂಚಬೇಕು ಎನ್ನುತ್ತದೆ. ಸೂರಃ ಅಲ್ ಬಕರಃದ 233ನೇ ಸೂಕ್ತದಲ್ಲಿ ವಾರಸುದಾರನ ಹೊಣೆಯ ಬಗ್ಗೆ ಬಂದಿರುವ ಮಾತು ಇದಕ್ಕೆ ಆಧಾರ. ನಾಳೆ ಅವನು ತೀರಿಕೊಂಡರೆ ಆಸ್ತಿಯಲ್ಲಿ ಪಾಲು ಕೇಳುವವರು ಇಂದು ಅವನು ಬದುಕಿರುವಾಗ ಅದೇ ಪ್ರಮಾಣದಲ್ಲಿ ಖರ್ಚಿನ ಪಾಲು ಹೊರಬೇಕು. ಎಷ್ಟು ನ್ಯಾಯದ ಲೆಕ್ಕ ನೋಡಿ! ಯಾರ ಮನೆಯಲ್ಲಿ ಯಾರ ಮೇಲೆ ಎಷ್ಟು ಎಂಬುದನ್ನು ನಿಮ್ಮ ನಿಮ್ಮ ವಿದ್ವಾಂಸರಲ್ಲಿ ಕೇಳಿ ತಿಳಿದುಕೊಳ್ಳಿ.

ಝಕಾತ್ ಬಗ್ಗೆಯೂ ಹಲವರು ಕೇಳುತ್ತಾರೆ. ತಂದೆತಾಯಿಗೆ, ಮಕ್ಕಳಿಗೆ ನಾವು ಝಕಾತ್ ಕೊಡುವಂತಿಲ್ಲ. ಅವರ ಖರ್ಚು ನಮ್ಮ ಹೊಣೆಯೇ. ಆದರೆ ಬಡ ಸಹೋದರ, ಸಹೋದರಿ, ಚಿಕ್ಕಪ್ಪ, ಸೋದರಮಾವ ಮೊದಲಾದವರಿಗೆ ಕೊಡಬಹುದು. ಇದು ಝಕಾತ್ ಎಂದು ಅವರ ಮುಖಕ್ಕೆ ಹೇಳಬೇಕಾಗಿಯೂ ಇಲ್ಲ. ಕೊಡುವವನ ನಿಯ್ಯತ್ ಸಾಕೆಂದು ಹೆಚ್ಚಿನ ವಿದ್ವಾಂಸರು ಹೇಳಿದ್ದಾರೆ. ಒಂದು ಎಚ್ಚರಿಕೆ: ಝಕಾತ್ ಹಣ ರೋಗಿಯ ಕೈ ಸೇರಬೇಕು, ಇಲ್ಲವೆ ಅವರ ಒಪ್ಪಿಗೆ ಪಡೆದು ರಿಕ್ಷಾದವರಿಗೆ ಕೊಡಬೇಕು. ಅವರಿಗೆ ತಿಳಿಯದಂತೆ ನಾವೇ ಬಾಡಿಗೆ ಕಟ್ಟುವುದಾದರೆ ಸದಕಾದ ಹಣದಿಂದ ಕಟ್ಟಿ.

ಇನ್ನು ಗಲ್ಫ್‌ನಲ್ಲಿರುವ ಸಹೋದರರ ವಿಚಾರ. ಅಣ್ಣನಿಗೆ ಕಾಯಿಲೆ ಎಂದಾಗ ದಮ್ಮಾಮಿನಿಂದಲೋ ದುಬೈಯಿಂದಲೋ ತಮ್ಮ ಐವತ್ತು ಸಾವಿರ ಕಳಿಸುತ್ತಾನೆ. ಆರು ತಿಂಗಳ ಮೇಲೆ ಮತ್ತೆ ಫೋನ್ ಹೋದರೆ ‘ಆಗ ಕಳಿಸಿದ್ದು ಏನಾಯಿತು?’ ಎಂದು ಕೇಳುತ್ತಾನೆ. ಅವನದೂ ತಪ್ಪಲ್ಲ. ಅವನಿಗೆ ಅಲ್ಲಿ ಬಾಡಿಗೆ, ಇಕಾಮಾ, ಮಕ್ಕಳ ಫೀಸು ಇದೆ. ಗಲ್ಫ್‌ನಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ಕುಟುಂಬದ ಎಲ್ಲ ಭಾರವನ್ನೂ ಅವನ ತಲೆಗೆ ಕಟ್ಟಿ ಊರಲ್ಲಿರುವವರು ಕೈ ತೊಳೆದುಕೊಳ್ಳುವುದು ಅನ್ಯಾಯ. ಆದರೆ ಈ ಖರ್ಚು ಒಂದು ಸಲದ ದೊಡ್ಡ ಮೊತ್ತದಿಂದ ತೀರುವಂಥದ್ದಲ್ಲ. ನಿಯಮಿತವಾಗಿ, ತಪ್ಪದೆ, ಕಡಿಮೆಯಾದರೂ ಸರಿ, ಬರುತ್ತಿರಬೇಕು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ, ಅಲ್ಪವಾದರೂ ನಿರಂತರವಾಗಿ ಮಾಡುವಂಥದ್ದು ಎಂಬ ಅರ್ಥದ ಹದೀಸನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ನಾವು ಅದನ್ನು ತಹಜ್ಜುದ್ ನಮಾಝಿನ ವಿಷಯದಲ್ಲಿ ಮಾತ್ರ ಉಲ್ಲೇಖಿಸುತ್ತೇವೆ. ಪ್ರತಿ ತಿಂಗಳು ಒಂದನೇ ತಾರೀಕಿಗೆ ಅಣ್ಣನ ಖಾತೆಗೆ ಹೋಗುವ ಎರಡು ಸಾವಿರವೂ ಅದೇ ಬಗೆಯ ಕರ್ಮ. ಕುಟುಂಬದವರೆಲ್ಲ ಒಂದು ದಿನ ಕುಳಿತು ಯಾರು ಎಷ್ಟು ಎಂದು ಮಾತಾಡಿಕೊಳ್ಳಿ. ಹಣ ಕೊಡಲಾಗದವನು ವಾಹನ ಓಡಿಸಲಿ. ವಾಹನ ಇಲ್ಲದ ಸೋದರಳಿಯ ವಾರದಲ್ಲಿ ಒಂದು ದಿನ ಆಸ್ಪತ್ರೆಯಲ್ಲಿ ಕುಳಿತುಕೊಳ್ಳಲಿ, ಅತ್ತಿಗೆಗೆ ಒಂದು ದಿನದ ಬೀಡಿಯಾದರೂ ಉಳಿಯಲಿ.

ಸಂಬಂಧ ಕೆಟ್ಟಿದ್ದರೆ ಏನು ಮಾಡುವುದು? ನಮ್ಮ ಅನುಭವದಲ್ಲಿ ಬಾಡಿಗೆ ನಿಲ್ಲುವುದು ಬಡತನದಿಂದ ಕಡಿಮೆ, ಜಗಳದಿಂದ ಹೆಚ್ಚು. ಇನ್ನೊಂದು ಊರಿನ ಒಂದು ಮನೆಯ ಪಂಚಾತಿಕೆಗೆ ನಮ್ಮನ್ನು ಕರೆದಿದ್ದರು. ತಮ್ಮನಿಗೆ ಪಾರ್ಶ್ವವಾಯು ಬಡಿದು ಅರ್ಧ ದೇಹ ಬಿದ್ದುಹೋಗಿತ್ತು, ಫಿಸಿಯೋಥೆರಪಿಗೆ ವಾರದಲ್ಲಿ ಎರಡು ದಿನ ಹೋಗಬೇಕು. ಮೊದಲು ಅಣ್ಣನೇ ವಾಹನ ಕಳಿಸುತ್ತಿದ್ದರು. ಆಮೇಲೆ ತಂದೆಯ ತೋಟದ ಪಾಲಿನ ವಿಷಯ ಕೋರ್ಟಿಗೆ ಹೋಯಿತು, ವಾಹನ ನಿಂತಿತು. ಕೇಳಿದ್ದಕ್ಕೆ ಅಣ್ಣ ಹೇಳಿದರು: ‘ಕೋರ್ಟಿಗೆ ಹೋಗಲು ಅವನಿಗೆ ರಿಕ್ಷಾ ಬಾಡಿಗೆ ಇದೆ ಉಸ್ತಾದ್, ಆಸ್ಪತ್ರೆಗೆ ಮಾತ್ರ ಇಲ್ಲವಾ?’

ಆ ಮಾತಿಗೆ ನಮ್ಮ ಬಳಿ ಉತ್ತರ ಇರಲಿಲ್ಲ. ಹಝ್ರತ್ ಅಬೂಬಕರ್(ರ) ಅವರ ಕತೆ ಹೇಳಿದೆವು. ಮಿಸ್ತಹ್ ಎಂಬ ಬಡ ಮುಹಾಜಿರ್ ಒಬ್ಬರಿದ್ದರು. ಅಬೂಬಕರ್(ರ) ಅವರ ತಾಯಿಯ ಕಡೆಯ ಸಂಬಂಧಿ. ಅವರ ಖರ್ಚನ್ನು ಅಬೂಬಕರ್(ರ) ನೋಡಿಕೊಳ್ಳುತ್ತಿದ್ದರು. ಆಯಿಶಾ(ರ) ಅವರ ಮೇಲೆ ಕಪಟವಿಶ್ವಾಸಿಗಳು ಸುಳ್ಳು ಅಪವಾದ ಹೊರಿಸಿದಾಗ ಈ ಮಿಸ್ತಹ್ ಕೂಡ ಆ ಮಾತನ್ನು ಆಡಿದವರಲ್ಲಿ ಸೇರಿಕೊಂಡರು. ಯೋಚಿಸಿ ನೋಡಿ, ಯಾರ ಅನ್ನ ತಿನ್ನುತ್ತಿದ್ದರೋ ಅವರ ಮಗಳ ಮಾನದ ಬಗ್ಗೆ! ಅಲ್ಲಾಹನು ಆಯಿಶಾರ(ರ) ನಿರ್ದೋಷಿತ್ವವನ್ನು ಘೋಷಿಸಿದ ಮೇಲೆ ಅಬೂಬಕರ್(ರ) ಇನ್ನು ಮಿಸ್ತಹ್‌ಗೆ ಏನೂ ಕೊಡುವುದಿಲ್ಲವೆಂದು ಆಣೆ ಹಾಕಿದರು. ಯಾವ ತಂದೆಯಾದರೂ ಹಾಕುತ್ತಿದ್ದ ಆಣೆ. ಆಗ ಸೂರಃ ಅನ್ನೂರ್‌ನ 22ನೇ ಸೂಕ್ತ ಅವತೀರ್ಣವಾಯಿತು. ಅನುಗ್ರಹ ಪಡೆದವರು ಸಂಬಂಧಿಕರಿಗೆ, ಬಡವರಿಗೆ, ಮುಹಾಜಿರರಿಗೆ ಕೊಡುವುದಿಲ್ಲವೆಂದು ಆಣೆ ಹಾಕಬಾರದು, ಕ್ಷಮಿಸಬೇಕು ಎಂದು ಅದು ಆದೇಶಿಸಿತು. ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ ಎಂದೂ ಕೇಳಿತು. ಅಬೂಬಕರ್(ರ) ಆ ಪ್ರಶ್ನೆಗೆ ಕರಗಿದರು. ನಿಲ್ಲಿಸಿದ್ದನ್ನು ಮತ್ತೆ ಆರಂಭಿಸಿದರು, ಇನ್ನೆಂದೂ ನಿಲ್ಲಿಸುವುದಿಲ್ಲ ಎಂದರು.

ಆ ಅಣ್ಣ ಕೇಳಿ ಸುಮ್ಮನಾದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಚಹಾ ಕುಡಿಸಿ ಕಳಿಸಿದರು. ಎರಡು ವಾರದ ಮೇಲೆ ಮಗನ ಕೈಯಲ್ಲಿ ಒಂದು ಲಕೋಟೆ ಬಂತು, ‘ನನ್ನ ಹೆಸರು ಹೇಳುವುದು ಬೇಡ’ ಎಂಬ ಮಾತಿನೊಂದಿಗೆ. ಈಗ ತಿಂಗಳು ತಿಂಗಳು ಬರುತ್ತಿದೆ. ಕೇಸು ಇನ್ನೂ ಮುಗಿದಿಲ್ಲ. ಅದು ತನ್ನ ದಾರಿಯಲ್ಲಿ ನಡೆಯಲಿ.

ಇನ್ನೊಂದು ವಿಷಯ ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಹುಟ್ಟಿನಿಂದಲೇ ಕೈಕಾಲು ಬಲವಿಲ್ಲದ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಸಣ್ಣವರಿರುವಾಗ ಎತ್ತಿಕೊಂಡು ವ್ಯಾಯಾಮ ಚಿಕಿತ್ಸೆಗೆ ಹೋಗುತ್ತೇವೆ. ಹತ್ತು ಹನ್ನೆರಡು ವರ್ಷವಾದಾಗ ಎತ್ತಲು ಆಗುವುದಿಲ್ಲ, ವಾಹನವೇ ಬೇಕು. ಆಗ ‘ಇವಳೇನು ನಡೆದಾಡುವವಳಾ’ ಎಂದು ಬಿಟ್ಟುಬಿಡುತ್ತೇವೆ. ಇದು ಹುಡುಗಿಯರ ವಿಷಯದಲ್ಲೇ ಹೆಚ್ಚು. ಆ ಚಿಕಿತ್ಸೆ ನಡೆಯುವಂತೆ ಮಾಡಲಿಕ್ಕೆ ಮಾತ್ರವಲ್ಲ. ಕೀಲುಗಳು ಮಡಚಿಕೊಂಡು ಗಟ್ಟಿಯಾಗಬಾರದು, ನೋವು ಕಡಿಮೆಯಾಗಬೇಕು, ಕುಳಿತು ಊಟ ಮಾಡುವಂತಾಗಬೇಕು ಎಂಬುದಕ್ಕೂ ಬೇಕು. ಅವಳು ಗುಣವಾಗುವುದಿಲ್ಲ ಎಂಬುದು ಅವಳ ಹಕ್ಕನ್ನು ರದ್ದು ಮಾಡುವುದಿಲ್ಲ.

ಕೊಡುವ ರೀತಿಯ ಬಗ್ಗೆಯೂ ಎರಡು ಮಾತು. ಹಂಗಿಸುವ ಮಾತಿನಿಂದ, ಮನಸ್ಸು ನೋಯಿಸುವುದರಿಂದ ದಾನ ವ್ಯರ್ಥವಾಗುತ್ತದೆ ಎಂದು ಸೂರಃ ಅಲ್ ಬಕರಃದ 264ನೇ ಸೂಕ್ತ ಎಚ್ಚರಿಸುತ್ತದೆ. ಮಣ್ಣು ತೆಳುವಾಗಿ ಮುಚ್ಚಿದ ಬಂಡೆಯ ಮೇಲೆ ಜೋರು ಮಳೆ ಸುರಿದರೆ ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಬಂಡೆ ಉಳಿಯುವ ಉದಾಹರಣೆ ಅಲ್ಲಿದೆ. ನಮ್ಮ ಜೂನ್ ತಿಂಗಳ ಮಳೆ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ರೋಗಿಯ ಕತ್ತರಿಸಿದ ಕಾಲಿನ ಫೋಟೋ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಕೊಡುವವರು ಕಡಿಮೆಯಾಗುತ್ತಾರೆ ಎಂದಾದರೆ ಕಡಿಮೆಯಾಗಲಿ. ಪ್ರತಿ ವಾರ ‘ಬಾಡಿಗೆ ಇದೆಯಾ?’ ಎಂದು ಕೇಳುವ ಬದಲು ಅವರು ಕೇಳಬೇಕಾಗಿಯೇ ಇರದಂತೆ ಏರ್ಪಾಡು ಮಾಡಿ. ಸಂಕೋಚದಿಂದ ಕೈಯೊಡ್ಡದವರನ್ನು ತಿಳಿಯದವನು ಶ್ರೀಮಂತರೆಂದು ಭಾವಿಸುತ್ತಾನೆ ಎಂದು ಅದೇ ಸೂರಃದ 273ನೇ ಸೂಕ್ತದಲ್ಲಿದೆ. ಜ್ವರ ಇತ್ತು ಎಂದ ನಮ್ಮ ಸಹೋದರ ಅಂಥವರಲ್ಲೊಬ್ಬರು.

ಸರಕಾರದಿಂದ ಸಿಗುವುದನ್ನು ಬಿಡಬೇಡಿ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಇಲ್ಲದವರು ಕೂಡಲೇ ಮಾಡಿಸಿ. ಕೆಎಸ್‌ಆರ್‌ಟಿಸಿ ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ರಿಯಾಯಿತಿ ಪಾಸ್ ಕೊಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಜೊತೆಗೆ ಹೋಗುವ ಪತ್ನಿ ಅಥವಾ ಮಗಳ ಖರ್ಚು ಉಳಿಯುತ್ತದೆ. ಖಾಸಗಿ ಬಸ್ಸೇ ಓಡುವ ನಮ್ಮ ಒಳರಸ್ತೆಗಳಲ್ಲಿ ಇವೆರಡೂ ಉಪಯೋಗಕ್ಕೆ ಬರುವುದು ಕಡಿಮೆ ಎಂಬುದು ಬೇರೆ ಮಾತು. ದೂರದ ಊರಿಗೆ ಡಯಾಲಿಸಿಸ್‌ಗೆ ಹೋಗುವ ಕಿಡ್ನಿ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ಎರಡನೇ ದರ್ಜೆ, ಸ್ಲೀಪರ್ ಮುಂತಾದವುಗಳಲ್ಲಿ ಶೇ. 75 ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪ್ರಮಾಣಪತ್ರ ತರಬೇಕು. 108 ಆಂಬುಲೆನ್ಸ್ ತುರ್ತು ಸಂದರ್ಭಕ್ಕೆ ಮಾತ್ರ, ವಾರದ ಓಡಾಟಕ್ಕೆ ಅದನ್ನು ಕರೆಯಬೇಡಿ. ಆ ಹೊತ್ತಿಗೆ ಎಲ್ಲೋ ಒಬ್ಬರ ಹೃದಯ ನಿಂತಿರಬಹುದು. ಕಮಿಟಿಯಲ್ಲಿ ಇಬ್ಬರು ಯುವಕರು ಅರ್ಜಿ ತುಂಬಿಸಿ ಕೊಡಲು ಒಪ್ಪಿಕೊಂಡಿದ್ದಾರೆ.

ಯುವಕರೇ, ನಿಮಗೆ ಒಂದು ಹದೀಸ್ ಹೇಳಬೇಕು. ಪ್ರತಿದಿನ ಸೂರ್ಯ ಮೂಡಿದಾಗ ಮನುಷ್ಯನ ಒಂದೊಂದು ಕೀಲಿನ ಮೇಲೂ ಒಂದು ಸದಕಾ ಬಾಕಿಯಾಗುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದನ್ನು ತೀರಿಸುವ ಕರ್ಮಗಳಲ್ಲಿ ಒಬ್ಬ ವ್ಯಕ್ತಿಯನ್ನು ಅವನ ಸವಾರಿಯ ಮೇಲೆ ಹತ್ತಿಸಲು ನೆರವಾಗುವುದನ್ನೂ, ಅವನ ಸಾಮಾನನ್ನು ಎತ್ತಿಕೊಡುವುದನ್ನೂ ಎಣಿಸಿದ್ದಾರೆ. ಅಬೂ ಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ತೋಳಿಗೆ ಬಾಣ ತಾಗಿ ಗಾಯಗೊಂಡಾಗ ಪ್ರವಾದಿವರ್ಯರು(ಸ) ಹತ್ತಿರದಿಂದ ನೋಡಿಕೊಳ್ಳಲೆಂದು ಮಸೀದಿಯಲ್ಲೇ ಅವರಿಗೆ ಡೇರೆ ಹಾಕಿಸಿದರು. ಆಮೇಲೆ ಅವರನ್ನು ಕತ್ತೆಯ ಮೇಲೆ ಕರೆತಂದಾಗ, ಎದ್ದು ಹೋಗಿ ನಿಮ್ಮ ನಾಯಕನನ್ನು ಇಳಿಸಿಕೊಳ್ಳಿ ಎಂಬ ಅರ್ಥದ ಮಾತು ಮುಸ್ನದ್ ಅಹ್ಮದ್‌ನ ವರದಿಯಲ್ಲಿದೆ. ಹತ್ತಿಸುವುದು, ಇಳಿಸುವುದು. ನಮ್ಮ ಸಹೋದರನ ಮನೆಗೂ ರಸ್ತೆಗೂ ನಡುವೆ ಇಪ್ಪತ್ತೆರಡು ಕಲ್ಲಿನ ಮೆಟ್ಟಿಲುಗಳಿವೆ. ಇಷ್ಟು ದಿನ ಅವುಗಳನ್ನು ಅವರು ಕುಳಿತು ಕುಳಿತು ಇಳಿಯುತ್ತಿದ್ದರು. ಮಳೆಗಾಲದಲ್ಲೂ.

ಇಂದಿನಿಂದ ಮಸೀದಿಯ ಆಫೀಸಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಅದರಲ್ಲಿ ರೋಗಿಗಳ ಹೆಸರಿಲ್ಲ, ದಿನಗಳು ಮಾತ್ರ ಇವೆ. ನಮ್ಮ ಮೊಹಲ್ಲಾದಲ್ಲಿ ವಾರ ವಾರ ಚಿಕಿತ್ಸೆಗೆ ಹೋಗಬೇಕಾದವರು ಮೂವರಿದ್ದಾರೆಂದು ಈಗ ತಿಳಿದಿದೆ, ಇನ್ನೂ ಇರಬಹುದು. ಅವರ ಕುಟುಂಬದವರ ಪಾಲನ್ನು ಮೊದಲು ಕೇಳಿದ್ದೇವೆ, ಉಳಿದದ್ದನ್ನು ಜಮಾಅತ್ ಹೊರಬೇಕು. ಕಾರಿರುವವರು ತಿಂಗಳಿಗೆ ಒಂದು ದಿನ ಬರೆಸಿದರೂ ಸಾಕು. ನಮ್ಮ ರಿಕ್ಷಾ ಓಡಿಸುವ ಸಹೋದರರಲ್ಲಿ ಇಬ್ಬರು ಡೀಸೆಲ್ ಖರ್ಚಿಗಷ್ಟೇ ಬರುವುದಾಗಿ ಹೇಳಿದ್ದಾರೆ. ಹಿಂದಿನ ಬಾಕಿ ಎರಡು ಸಾವಿರ ಇತ್ತಲ್ಲ, ಆ ರಿಕ್ಷಾದವರು ನಮ್ಮವರಲ್ಲ, ಹಿಂದೂ ಸಹೋದರರು. ಕಮಿಟಿಯಿಂದ ಕೊಡಲು ಹೋದಾಗ ಅದರಲ್ಲಿ ಅರ್ಧ ಮಾತ್ರ ತೆಗೆದುಕೊಂಡರು. ‘ಅವರು ಕರೆಯುವುದನ್ನು ಯಾಕೆ ನಿಲ್ಲಿಸಿದರು? ನಾನು ಬಾಕಿ ಕೇಳಿಯೇ ಇರಲಿಲ್ಲವಲ್ಲ’ ಎಂದು ಬೇಸರಪಟ್ಟರು.

ಮಂಗಳವಾರ ಮತ್ತು ಶನಿವಾರಕ್ಕೆ ವಾಹನ, ಜೊತೆಗೆ ಹೋಗುವವರು ಸಿಕ್ಕಿದ್ದಾರೆ. ಗುರುವಾರ ಖಾಲಿ ಇದೆ. ಬೆಳಿಗ್ಗೆ ಆರೂವರೆಗೆ ಹೊರಡಬೇಕು, ಮೆಟ್ಟಿಲಿನಿಂದ ಎತ್ತಿ ತರಲು ಇಬ್ಬರು ಬೇಕು. ಸುನ್ನತ್ ನಮಾಝ್ ಮುಗಿಸಿ ಆಫೀಸಿನ ಕಡೆ ಬನ್ನಿ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರ ಜೊತೆ ಕಾಯುತ್ತಾ ಕುಳಿತಿರುವವರಿಗೆ ಸಹನೆ ನೀಡಲಿ. ಆಮೀನ್.